ಬಾಗಿಲು ಎರಡೇ ಉಳಿದಿವೆ, ಆದರೂ ಅರ್ಧಕ್ಕರ್ಧ ಅಲ್ಲ

ಒಂದು ಆಟ. ನಿಮ್ಮ ಮುಂದೆ ಮೂರು ಮುಚ್ಚಿದ ಬಾಗಿಲುಗಳಿವೆ. ಒಂದರ ಹಿಂದೆ ಕಾರು, ಉಳಿದ ಎರಡರ ಹಿಂದೆ ಒಂದೊಂದು ಮೇಕೆ. ನೀವು ಒಂದು ಬಾಗಿಲು ಆರಿಸುತ್ತೀರಿ. ಅದನ್ನು ಆಗಲೇ ತೆರೆಯುವ ಹಾಗಿಲ್ಲ. ಆಟ ನಡೆಸುವ ನಿರೂಪಕನಿಗೆ ಕಾರು ಎಲ್ಲಿದೆ ಅಂತ ಗೊತ್ತು. ನೀವು ಬಿಟ್ಟ ಎರಡು ಬಾಗಿಲುಗಳಲ್ಲಿ ಮೇಕೆ ಇರುವ ಒಂದನ್ನು ಅವನು ತೆರೆದು ತೋರಿಸುತ್ತಾನೆ. ಪ್ರತಿ ಸಲವೂ ಹೀಗೇ ಮಾಡಬೇಕು, ಅದು ಆಟದ ನಿಯಮ. ಆಮೇಲೆ ಕೇಳುತ್ತಾನೆ: "ಮೊದಲು ಆರಿಸಿದ್ದೇ ಇರಲಾ, ಇಲ್ಲ ಇನ್ನೊಂದಕ್ಕೆ ಬದಲಾಯಿಸ್ತೀರಾ?"

ಬದಲಾಯಿಸಬೇಕು. ಬದಲಾಯಿಸಿದರೆ ಕಾರು ಸಿಗುವ ಸಾಧ್ಯತೆ ಮೂರರಲ್ಲಿ ಎರಡು. ಬದಲಾಯಿಸದಿದ್ದರೆ ಮೂರರಲ್ಲಿ ಒಂದು.

ಈ ಮಾತನ್ನು ಮೂವರು ಗೆಳೆಯರ ಮುಂದೆ ಹೇಳಿ ನಾನು ಒಂದು ಇಡೀ ಸಂಜೆ ಬೈಸಿಕೊಂಡಿದ್ದೇನೆ. ಒಬ್ಬ ಇಂಜಿನಿಯರ್, ಒಬ್ಬಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಇನ್ನೊಬ್ಬ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಲೆಕ್ಕ ಬರದವರು ಯಾರೂ ಇಲ್ಲ. ಮೂವರದ್ದೂ ಒಂದೇ ಮಾತು. "ಒಂದು ಬಾಗಿಲು ತೆರೆದಾಯ್ತು. ಉಳಿದಿದ್ದು ಎರಡು. ಒಂದರಲ್ಲಿ ಕಾರು, ಒಂದರಲ್ಲಿ ಮೇಕೆ. ಫಿಫ್ಟಿ-ಫಿಫ್ಟಿ. ಇದರಲ್ಲಿ ಮಾತಾಡೋಕೆ ಏನಿದೆ ಮಾರಾಯ?"

ನಾನು ಮಾಡಿದ ಮೊದಲ ತಪ್ಪು ಭಿನ್ನರಾಶಿಯಿಂದ ಶುರು ಮಾಡಿದ್ದು. "ನೀನು ಆರಿಸಿದ ಬಾಗಿಲಿಗೆ ಮೂರರಲ್ಲಿ ಒಂದು ಪಾಲು. ಉಳಿದ ಎರಡಕ್ಕೂ ಸೇರಿ ಮೂರರಲ್ಲಿ ಎರಡು ಪಾಲು. ಅವೆರಡರಲ್ಲಿ ಒಂದು ತೆರೆದುಹೋದರೆ ಆ ಎರಡು ಪಾಲೂ ಇನ್ನೊಂದರ ಮೇಲೆ ಬಂದು ಕೂರುತ್ತೆ" ಅಂದೆ.

ಇಂಜಿನಿಯರ್ ನಕ್ಕ. "ಸಾಧ್ಯತೆ ಅನ್ನೋದು ಗುಬ್ಬಚ್ಚಿನಾ, ಒಂದು ಬಾಗಿಲಿಂದ ಹಾರಿ ಇನ್ನೊಂದರ ಮೇಲೆ ಕೂರೋಕೆ? ಹಾರೋದೇ ಆದ್ರೆ ನನ್ನ ಬಾಗಿಲ ಮೇಲೂ ಅರ್ಧ ಕೂರಬಹುದಲ್ವಾ? ನನ್ನ ಬಾಗಿಲು ಏನು ಪಾಪ ಮಾಡಿದೆ?"

ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಈಗ ಅನ್ನಿಸುವುದೇನೆಂದರೆ, ಆ ಸಂಜೆ ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಒಳ್ಳೆಯ ಪ್ರಶ್ನೆ. ಈ ಒಗಟನ್ನು ಬಿಡಿಸಿ ಹೇಳುವವರು ಬಹಳ ಸಲ ಇಲ್ಲೇ ಜಾರುತ್ತಾರೆ. ಉತ್ತರವನ್ನೇ ಇನ್ನೊಂದು ಸಲ ಹೇಳಿ ಅದೇ ಕಾರಣ ಅಂದುಬಿಡುತ್ತಾರೆ. ಕೇಳುವವರು ತಲೆ ಆಡಿಸುತ್ತಾರೆ, ಒಪ್ಪಿರುವುದಿಲ್ಲ.

ಒಪ್ಪದವರ ಸಾಲಿನಲ್ಲಿ ದೊಡ್ಡ ದೊಡ್ಡವರೇ ಇದ್ದಾರೆ ಅನ್ನುವುದನ್ನೂ ಹೇಳಬೇಕು. ಈ ಒಗಟಿಗೆ ಮಾಂಟಿ ಹಾಲ್ ಸಮಸ್ಯೆ ಅಂತ ಹೆಸರು. ಮಾಂಟಿ ಹಾಲ್ ಅಮೆರಿಕದ ಟೀವಿಯಲ್ಲಿ 1963ರಲ್ಲಿ ಶುರುವಾದ 'ಲೆಟ್ಸ್ ಮೇಕ್ ಎ ಡೀಲ್' ಅನ್ನುವ ಆಟದ ನಿರೂಪಕ. ಸ್ಟೀವ್ ಸೆಲ್ವಿನ್ ಎಂಬ ಸಂಖ್ಯಾಶಾಸ್ತ್ರಜ್ಞ 1975ರಲ್ಲಿ ಒಂದು ಸಂಖ್ಯಾಶಾಸ್ತ್ರ ಪತ್ರಿಕೆಗೆ ಈ ಒಗಟನ್ನು ಬರೆದು ಕಳಿಸಿದರು. ಆಗ ಬಾಗಿಲುಗಳ ಬದಲು ಡಬ್ಬಿಗಳಿದ್ದವು. ದೊಡ್ಡ ಗಲಾಟೆ ಆಗಿದ್ದು 15 ವರ್ಷದ ನಂತರ. 1990ರ ಸೆಪ್ಟೆಂಬರಿನಲ್ಲಿ ಮೆರಿಲಿನ್ ವಾಸ್ ಸವಾಂಟ್ 'ಪರೇಡ್' ಪತ್ರಿಕೆಯ ತಮ್ಮ ಅಂಕಣದಲ್ಲಿ "ಬದಲಾಯಿಸಿ" ಅಂತ ಉತ್ತರ ಕೊಟ್ಟರು. ಸುಮಾರು 10,000 ಪತ್ರಗಳು ಬಂದವು. ಹೆಚ್ಚಿನವು "ನೀವು ಹೇಳಿದ್ದು ತಪ್ಪು" ಅನ್ನುವವೇ. ಸುಮಾರು 1,000 ಪತ್ರಗಳನ್ನು ಬರೆದವರು ಪಿಎಚ್‌ಡಿ ಮಾಡಿದವರು. ಕೆಲವರಂತೂ ದೇಶದ ಗಣಿತದ ಮಟ್ಟ ಹೀಗಿದೆಯಲ್ಲ ಅಂತ ಮರುಗಿ ಬುದ್ಧಿ ಹೇಳಿದ್ದರು. ಆಕೆ ಪಟ್ಟು ಬಿಡಲಿಲ್ಲ. ಶಾಲೆಗಳಲ್ಲಿ ಮಕ್ಕಳ ಕೈಲಿ ಆಡಿಸಿ ನೋಡಿ ಅಂದರು. ಆಡಿಸಿದರು, ಆಕೆಯ ಉತ್ತರವೇ ಸರಿ ಬಂತು.

ಪಾಲ್ ಏರ್ಡಿಶ್ ಕತೆ ನನಗೆ ಇನ್ನೂ ಇಷ್ಟ. ಸುಮಾರು 1,500 ಗಣಿತ ಪ್ರಬಂಧಗಳಲ್ಲಿ ಹೆಸರಿರುವ ಮನುಷ್ಯ ಈ ಉತ್ತರವನ್ನು ನಂಬಲಿಲ್ಲ. ಗೆಳೆಯರೊಬ್ಬರು ಕಂಪ್ಯೂಟರಿನಲ್ಲಿ ಆಟವನ್ನು ಮತ್ತೆ ಮತ್ತೆ ಆಡಿಸಿ ತೋರಿಸಿದ ಮೇಲೆ ಒಪ್ಪಿಕೊಂಡರು, ಅದೂ ಮುಖ ಸಿಂಡರಿಸಿಕೊಂಡೇ. ಯಾಕೆ ಹಾಗಾಗುತ್ತದೆ ಅನ್ನುವುದು ಮನಸ್ಸಿಗೆ ಹಿಡಿಯದೆ ಬರೀ ಸಂಖ್ಯೆ ನೋಡಿ ಒಪ್ಪುವುದು ಅವರಿಗೆ ಸಮಾಧಾನ ಕೊಡಲಿಲ್ಲ. 2010ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಪಾರಿವಾಳಗಳ ಕೈಲೂ ಈ ಆಟ ಆಡಿಸಿದರು. ಬಹಳ ಸಲ ಆಡಿದ ಮೇಲೆ ಅವು ಬಹುತೇಕ ಪ್ರತಿ ಸಲ ಬದಲಾಯಿಸುವುದನ್ನು ಕಲಿತವು. ಅಷ್ಟೇ ಆಡಿದ ಮನುಷ್ಯರು ಆ ಮಟ್ಟಕ್ಕೆ ಬರಲಿಲ್ಲ. ಪಾರಿವಾಳಕ್ಕೆ ಯಾವ ವಾದವೂ ಇಲ್ಲ ನೋಡಿ, ಕಾಳು ಎಲ್ಲಿ ಜಾಸ್ತಿ ಸಿಗುತ್ತದೋ ಅಲ್ಲಿ ಕುಕ್ಕುತ್ತದೆ.

ಇದನ್ನೆಲ್ಲ ಗೆಳೆಯರಿಗೂ ಹೇಳಿದೆ. "ಹಾಗಾದ್ರೆ ನಾವು ಏರ್ಡಿಶ್ ಗುಂಪು, ನೀನು ಪಾರಿವಾಳದ ಗುಂಪು" ಅಂದರು.

ಆಮೇಲೆ ಎಲ್ಲರೂ ಬಿಡುವ ಬಾಣವನ್ನೇ ನಾನೂ ಬಿಟ್ಟೆ. ಬಾಗಿಲು ಮೂರಲ್ಲ, ನೂರು ಅಂದುಕೊಳ್ಳಿ. ನೀವು ಒಂದನ್ನು ಆರಿಸಿದಿರಿ. ಕಾರು ಎಲ್ಲಿದೆ ಅಂತ ಗೊತ್ತಿರುವ ನಿರೂಪಕ ಉಳಿದ 99ರಲ್ಲಿ 98ನ್ನು ಸಾಲಾಗಿ ತೆರೆಯುತ್ತಾ ಹೋಗುತ್ತಾನೆ. ಎಲ್ಲದರಲ್ಲೂ ಮೇಕೆ. ಸಾಲಿನ ನಡುವೆ 73ನೇ ಬಾಗಿಲನ್ನು ಮಾತ್ರ ಹಾರಿಸಿ ಮುಂದೆ ಹೋದ. ಈಗ ಹೇಳಿ, ಕಾರು ಎಲ್ಲಿದೆ?

ಬ್ಯಾಂಕಿನವಳು ತಕ್ಷಣ "73" ಅಂದಳು. ಅಂದವಳೇ ಸುಮ್ಮನಾದಳು, ಒಳಗೆ ಏನೋ ಓಡುತ್ತಿತ್ತು. ಮೇಷ್ಟ್ರು ಮಾತ್ರ, "98 ತೆರೆದ ಮೇಲೂ ಉಳಿದಿದ್ದು ಎರಡೇ ಅಲ್ವಾ?" ಅಂತ ಶುರುವಿನ ಜಾಗಕ್ಕೇ ಬಂದು ನಿಂತ. ಇಂಜಿನಿಯರ್, "ನೂರಕ್ಕೆ ಸರಿ ಇರಬಹುದು. ಮೂರಕ್ಕೆ ಯಾಕೆ ಸರಿ ಆಗಬೇಕು?" ಅಂದ. ನೂರು ಬಾಗಿಲಿನ ಉದಾಹರಣೆಯ ಮಿತಿ ಇದು. ಅದು ಮನಸ್ಸನ್ನು ಅಲ್ಲಾಡಿಸುತ್ತದೆ, ಆದರೆ ಗಂಟು ಬಿಚ್ಚುವುದಿಲ್ಲ.

ಮಾತು ಸಾಕಾಯಿತು. ಇಸ್ಪೀಟು ಕಟ್ಟು ತೆಗೆದೆ. ಒಂದು ಎಕ್ಕ, ಎರಡು ಜೋಕರ್. ಎಕ್ಕವೇ ಕಾರು. ನಾನು ನಿರೂಪಕ, ಇಂಜಿನಿಯರ್ ಆಟಗಾರ. ಅವನು ಹಟಕ್ಕೆ ಬಿದ್ದು ಒಂದು ಸಲವೂ ಬದಲಾಯಿಸುವುದಿಲ್ಲ ಅಂದ. 30 ಆಟ ಆಡಿದೆವು. ಅವನಿಗೆ ಎಕ್ಕ ಸಿಕ್ಕಿದ್ದು 11 ಸಲ. "ಇವತ್ತು ಅದೃಷ್ಟ ಚೆನ್ನಾಗಿಲ್ಲ" ಅಂದ.

ಅಷ್ಟು ಹೊತ್ತು ಸುಮ್ಮನೆ ನೋಡುತ್ತಿದ್ದ ಬ್ಯಾಂಕಿನವಳು ಆಗ ಬಾಯಿ ಬಿಟ್ಟಳು. "ಇವನು ಬದಲಾಯಿಸೋದೇ ಇಲ್ಲ ಅಂದ್ಮೇಲೆ ನೀನು ಮಧ್ಯದಲ್ಲಿ ಜೋಕರ್ ತೋರಿಸೋದು ಯಾಕೆ? ತೋರಿಸಿದ್ರೆಷ್ಟು, ಬಿಟ್ರೆಷ್ಟು? ಇವನು ಮೊದಲು ಕೈ ಇಟ್ಟಿದ್ದು ಎಕ್ಕದ ಮೇಲಾ, ಅಲ್ವಾ, ಅಷ್ಟೇ ತಾನೇ ಲೆಕ್ಕ?"

ಅಷ್ಟೇ ಲೆಕ್ಕ. ಬದಲಾಯಿಸದವನ ಪಾಲಿಗೆ ಆಟ ಮೊದಲ ಹೆಜ್ಜೆಯಲ್ಲೇ ಮುಗಿದಿದೆ. ಮೂರು ಎಲೆಗಳಲ್ಲಿ ಒಂದರ ಮೇಲೆ ಕಣ್ಣು ಮುಚ್ಚಿ ಕೈ ಇಟ್ಟರೆ ಅದು ಎಕ್ಕ ಆಗಿರುವುದು ಮೂರರಲ್ಲಿ ಒಂದು ಸಲ. ಆಮೇಲೆ ನಾನು ಜೋಕರ್ ತೋರಿಸಲಿ, ಹಾಡು ಹೇಳಲಿ, ಅವನ ಕೈಕೆಳಗಿನ ಎಲೆ ಬದಲಾಗುವುದಿಲ್ಲ. ಅವನು ಸೋತಾಗೆಲ್ಲ ಎಕ್ಕ ಇದ್ದದ್ದು ನಾನು ಮುಟ್ಟದೆ ಬಿಟ್ಟ ಇನ್ನೊಂದು ಎಲೆಯಲ್ಲಿ. ಅಂದರೆ ಅವನು ಸೋತ 19 ಆಟಗಳನ್ನೂ ಬದಲಾಯಿಸುವವನು ಗೆಲ್ಲುತ್ತಿದ್ದ.

ಇಂಜಿನಿಯರ್ ಒಪ್ಪಿದ. ಮೇಷ್ಟ್ರು ಇನ್ನೂ ಇಲ್ಲ. "ಲೆಕ್ಕ ಸರಿ ಇದೆ. ಆದ್ರೆ ಕಣ್ಮುಂದೆ ಎರಡು ಎಲೆ ಇವೆ, ಯಾವುದರಲ್ಲಿ ಏನಿದೆ ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಎರಡೂ ಸಮ ಅಲ್ವಾ?" ಗಣಿತ ಪಾಠ ಮಾಡುವವನ ಪ್ರಾಮಾಣಿಕ ಸಂಕಟ ಅದು. ಎರಡು ಸಾಧ್ಯತೆಗಳಿವೆ ಅಂದ ಮಾತ್ರಕ್ಕೆ ಎರಡೂ ಸಮ ಆಗಬೇಕಿಲ್ಲ. ನಾಳೆ ಸೂರ್ಯ ಹುಟ್ಟುತ್ತಾನೆ ಅಥವಾ ಹುಟ್ಟುವುದಿಲ್ಲ, ಅಲ್ಲೂ ಎರಡೇ ದಾರಿ. ಇದನ್ನು ಹೇಳಿದರೆ ಅವನು ಒಪ್ಪುತ್ತಾನೆ. ಆದರೆ ಎಲೆಗಳನ್ನು ನೋಡಿದ ಕೂಡಲೇ ಮನಸ್ಸು ಮತ್ತೆ ಅರ್ಧಕ್ಕರ್ಧ ಅನ್ನುತ್ತದೆ.

ಆಗ ಹೊಳೆದಿದ್ದು ಜಾಗ ಅದಲುಬದಲು ಮಾಡುವ ಉಪಾಯ. ಮೊದಲೇ ಹೊಳೆದಿದ್ದರೆ ಗಂಟಲು ಉಳಿಯುತ್ತಿತ್ತು. "ನೀನೇ ನಿರೂಪಕ ಆಗು. ನಾನು ಆಡ್ತೀನಿ" ಅಂದು ಎಲೆಗಳನ್ನು ಮೇಷ್ಟ್ರ ಕೈಗೆ ಕೊಟ್ಟೆ. ಅವನು ಎಲೆಗಳನ್ನು ನೋಡಿಕೊಂಡು ಮಗುಚಿ ಇಡುತ್ತಾನೆ. ನಾನು ಒಂದರ ಮೇಲೆ ಬೆರಳು ಇಡುತ್ತೇನೆ. ಅವನು ಒಂದು ಜೋಕರ್ ತಿರುಗಿಸುತ್ತಾನೆ.

ಆರೇಳು ಆಟ ಆಗಿರಬೇಕು. ಎಲೆ ತಿರುಗಿಸಲು ಹೊರಟ ಕೈ ಅಲ್ಲೇ ನಿಂತಿತು. "ಅಯ್ಯೋ, ನಾನು ಆರಿಸ್ತಾನೇ ಇಲ್ಲ ಕಣೋ" ಅಂದ. "ನೀನು ಜೋಕರ್ ಮೇಲೆ ಬೆರಳಿಟ್ರೆ ನನ್ನ ಹತ್ರ ಉಳಿಯೋದು ಒಂದು ಎಕ್ಕ, ಒಂದು ಜೋಕರ್. ಎಕ್ಕ ತಿರುಗಿಸೋ ಹಾಗಿಲ್ಲ. ಇರೋ ಒಂದು ಜೋಕರನ್ನೇ ತಿರುಗಿಸಬೇಕು. ಎಕ್ಕ ಎಲ್ಲಿದೆ ಅಂತ ನಾನೇ ಬೆರಳು ಮಾಡಿ ತೋರಿಸಿದ ಹಾಗಾಯ್ತಲ್ಲ!"

ಅಷ್ಟೇ ವಿಷಯ. ಆಟಗಾರನ ಕುರ್ಚಿಯಿಂದ ನೋಡಿದರೆ ಎರಡು ಮುಚ್ಚಿದ ಎಲೆಗಳು ಒಂದೇ ಥರ ಕಾಣುತ್ತವೆ. ನಿರೂಪಕನ ಕುರ್ಚಿಯಿಂದ ನೋಡಿದರೆ ಹಾಗಲ್ಲ. ಮೂರರಲ್ಲಿ ಎರಡು ಸಲ ಆಟಗಾರ ಮೊದಲಿಗೆ ಜೋಕರ್ ಆರಿಸಿರುತ್ತಾನೆ. ಆಗ ನಿರೂಪಕನ ಕೈ ಕಟ್ಟಿಹಾಕಿದ ಹಾಗೆ. ಅವನು ಬಿಟ್ಟ ಎಲೆ ಎಕ್ಕವೇ. ಉಳಿದ ಒಂದು ಸಲ ಮಾತ್ರ ಎರಡೂ ಜೋಕರ್ ಅವನ ಹತ್ತಿರ ಇರುತ್ತವೆ, ಯಾವುದನ್ನು ಬೇಕಾದರೂ ತಿರುಗಿಸಬಹುದು. ಆಗ ಬದಲಾಯಿಸಿದವನು ಸೋಲುತ್ತಾನೆ.

ಗುಬ್ಬಚ್ಚಿ ಪ್ರಶ್ನೆಗೂ ಉತ್ತರ ಇಲ್ಲಿದೆ. ನನ್ನ ಬೆರಳಿನ ಕೆಳಗಿನ ಎಲೆಯನ್ನು ನಿರೂಪಕ ಏನೇ ಆದರೂ ಮುಟ್ಟುವುದಿಲ್ಲ. ಅದು ಎಕ್ಕ ಆಗಿದ್ದರೂ ಮುಟ್ಟುವುದಿಲ್ಲ, ಜೋಕರ್ ಆಗಿದ್ದರೂ ಮುಟ್ಟುವುದಿಲ್ಲ. ಉಳಿದ ಎರಡರಲ್ಲಿ ಒಂದು ಜೋಕರ್ ಅಂತೂ ಇದ್ದೇ ಇರುತ್ತದೆ, ಅದನ್ನು ತೋರಿಸಿಯೇ ತೋರಿಸುತ್ತಾನೆ. ಹೇಗಿದ್ದರೂ ಆಗುವ ಒಂದು ಸಂಗತಿ ಆಯಿತು ಅಂದರೆ ನನ್ನ ಎಲೆಯ ಬಗ್ಗೆ ನನಗೆ ಹೊಸದೇನೂ ತಿಳಿಯಲಿಲ್ಲ. ಹಾಗಾಗಿ ಅದರ ಪಾಲು ಮೂರರಲ್ಲಿ ಒಂದಾಗಿಯೇ ಉಳಿಯಿತು. ಇನ್ನೊಂದು ಎಲೆಯ ಕತೆ ಬೇರೆ. ಅದು ತಿರುಗುವ ಅಪಾಯದಲ್ಲಿತ್ತು. ನಿರೂಪಕ ನೋಡಿ, ಬೇಕಂತಲೇ ಅದನ್ನು ಬಿಟ್ಟಿರಬಹುದು. ಇಂಜಿನಿಯರ್ ಬಾಗಿಲು ಪಾಪ ಏನೂ ಮಾಡಿಲ್ಲ. ಅದಕ್ಕೆ ಪರೀಕ್ಷೆಯೇ ನಡೆದಿಲ್ಲ, ಅಷ್ಟೇ.

ಬ್ರಿಜ್ ಅನ್ನುವ ಇಸ್ಪೀಟು ಆಟ ಆಡುವವರಿಗೆ ಈ ತರ್ಕ ಹಳೆಯದು. ರಾಜ, ರಾಣಿ ಎರಡೂ ಎದುರಾಳಿಗಳ ಕಡೆ ಇವೆ, ಅವರಲ್ಲಿ ಒಬ್ಬ ರಾಣಿ ಹಾಕಿದ ಅಂದುಕೊಳ್ಳಿ. ಎರಡೂ ಅವನ ಹತ್ತಿರವೇ ಇದ್ದಿದ್ದರೆ ರಾಜನನ್ನೂ ಹಾಕಬಹುದಿತ್ತು. ರಾಣಿ ಒಂದೇ ಇದ್ದಿದ್ದರೆ ಬೇರೆ ದಾರಿ ಇರಲಿಲ್ಲ. ಹಾಗಾಗಿ ಒಂದೇ ಇತ್ತು ಅನ್ನುವ ಕಡೆಗೆ ಅವರು ಜಾಸ್ತಿ ವಾಲುತ್ತಾರೆ.

ಮೇಷ್ಟ್ರು ನಿರೂಪಕನಾಗಿದ್ದಾಗ ಇನ್ನೊಂದು ತಮಾಷೆ ನಡೆಯಿತು. ಅವನಿಗೆ ಎರಡೂ ಜೋಕರ್ ಸಿಕ್ಕಾಗೆಲ್ಲ ಬಲಗಡೆಯದನ್ನೇ ತಿರುಗಿಸುತ್ತಿದ್ದ. ಬಲಗೈಗೆ ಹತ್ತಿರ ಅಂತ ಇರಬೇಕು. ಹೀಗಾದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅವನು ಎಡಗಡೆಯದನ್ನು ತಿರುಗಿಸಿದ ಅಂದರೆ ಬಲಗಡೆಯದನ್ನು ತಿರುಗಿಸಲು ಆಗಲಿಲ್ಲ ಅಂತ ಅರ್ಥ. ಅಲ್ಲಿ ಎಕ್ಕ ಇದೆ, ಅನುಮಾನವೇ ಬೇಡ. ಬಲಗಡೆಯದನ್ನು ತಿರುಗಿಸಿದರೆ? ನನ್ನ ಬೆರಳಿನ ಕೆಳಗೆ ಎಕ್ಕ ಇದ್ದರೂ ಅದನ್ನೇ ಮಾಡುತ್ತಿದ್ದ, ಎಡಗಡೆ ಎಕ್ಕ ಇದ್ದರೂ ಅದನ್ನೇ ಮಾಡುತ್ತಿದ್ದ. ಆಗ ನಿಜಕ್ಕೂ ಅರ್ಧಕ್ಕರ್ಧ! ಬದಲಾಯಿಸಿದರೆ ನಷ್ಟ ಇಲ್ಲ, ಲಾಭವೂ ಇಲ್ಲ. ಎಲ್ಲ ಆಟಗಳನ್ನೂ ಕೂಡಿಸಿ ನೋಡಿದರೆ ಮಾತ್ರ ಮತ್ತೆ ಅದೇ ಮೂರರಲ್ಲಿ ಎರಡು: ಮೂರರಲ್ಲಿ ಒಂದು ಸಲ ಖಚಿತವಾಗಿ ಗೆಲುವು, ಉಳಿದ ಎರಡು ಸಲದಲ್ಲಿ ಒಂದು ಗೆಲುವು. ಮೂರರಲ್ಲಿ ಎರಡು ಅನ್ನುವುದನ್ನು ಬಾಗಿಲ ಮೇಲೆ ಬರೆದಿಟ್ಟಿಲ್ಲ ಅಂತ ನನಗೆ ಚೆನ್ನಾಗಿ ಅರ್ಥವಾಗಿದ್ದು ಆಗಲೇ. ನಿರೂಪಕನ ಅಭ್ಯಾಸ ಗೊತ್ತಿದ್ದವನಿಗೆ ಒಂದು ಲೆಕ್ಕ, ಗೊತ್ತಿಲ್ಲದವನಿಗೆ ಇನ್ನೊಂದು.

ಈಗ ಗೆಳೆಯರ ಪರವಾಗಿ ಒಂದು ಮಾತು ಹೇಳಲೇಬೇಕು. ಅವರ ಫಿಫ್ಟಿ-ಫಿಫ್ಟಿ ಸುಮ್ನೆ ಹುಟ್ಟಿದ್ದಲ್ಲ. ಅದು ಇನ್ನೊಂದು ಆಟದ ಸರಿಯಾದ ಉತ್ತರ.

ನಿರೂಪಕನಿಗೆ ಕಾರು ಎಲ್ಲಿದೆ ಅಂತ ಗೊತ್ತಿಲ್ಲ ಅಂದುಕೊಳ್ಳಿ. ಅವನು ಉಳಿದ ಎರಡರಲ್ಲಿ ಯಾವುದೋ ಒಂದನ್ನು ಕಣ್ಣು ಮುಚ್ಚಿ ತೆರೆಯುತ್ತಾನೆ. 30 ಆಟ ಆಡಿದರೆ ಸುಮಾರು 10 ಸಲ ನೀವು ಮೊದಲಿಗೇ ಕಾರು ಆರಿಸಿರುತ್ತೀರಿ. ಆಗ ಅವನು ಏನು ತೆರೆದರೂ ಮೇಕೆ. ಉಳಿದ 20ರಲ್ಲಿ 10 ಸಲ ಅವನು ಗೊತ್ತಿಲ್ಲದೆ ಕಾರಿನ ಬಾಗಿಲನ್ನೇ ತೆರೆದುಬಿಡುತ್ತಾನೆ, ಆಟ ಅಲ್ಲಿಗೇ ಕೆಟ್ಟಿತು. ಇನ್ನು 10 ಸಲ ಅದೃಷ್ಟಕ್ಕೆ ಮೇಕೆ ಬರುತ್ತದೆ. ಮೇಕೆ ಕಂಡ ಆಟಗಳು ಒಟ್ಟು 20. ಅದರಲ್ಲಿ 10 ಸಲ ಕಾರು ನಿಮ್ಮ ಬಾಗಿಲಲ್ಲಿ, 10 ಸಲ ಇನ್ನೊಂದರಲ್ಲಿ. ಸರಿಯಾಗಿ ಅರ್ಧಕ್ಕರ್ಧ.

"ತಾಳು ತಾಳು" ಅಂದ ಮೇಷ್ಟ್ರು. "ಅದೇ ಬಾಗಿಲು, ಅದೇ ಮೇಕೆ, ಅದೇ ನಾನು. ನಿರೂಪಕನ ತಲೆಯೊಳಗೆ ಏನಿದೆ ಅನ್ನೋದರ ಮೇಲೆ ನನ್ನ ಸಾಧ್ಯತೆ ಬದಲಾಗತ್ತಾ?"

ಹೌದು. ನನ್ನ ಪ್ರಕಾರ ಈ ಒಗಟಿನ ತಿರುಳೇ ಇದು. ಕಾರು, ಮೇಕೆ ಎಲ್ಲ ಬರೀ ಅಲಂಕಾರ. ಕಣ್ಣಿಗೆ ಬಿದ್ದದ್ದು ಒಂದೇ ಆದರೂ ಅದು ನಮ್ಮ ಕಣ್ಣಿಗೆ ಬಿದ್ದ ದಾರಿ ಬೇರೆ. ಗೊತ್ತಿದ್ದು ತೋರಿಸಿದ ಮೇಕೆಗೆ ಒಂದು ಬೆಲೆ, ಆಕಸ್ಮಿಕವಾಗಿ ಕಂಡ ಮೇಕೆಗೆ ಇನ್ನೊಂದು ಬೆಲೆ. ಪಠ್ಯಪುಸ್ತಕಗಳಲ್ಲಿ ಇದನ್ನು ಬೇಯ್ಸ್ ನಿಯಮ ಅಂತ ಸೂತ್ರದಲ್ಲಿ ಬರೆಯುತ್ತಾರೆ. ಥಾಮಸ್ ಬೇಯ್ಸ್ ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾದ ಬರಹ ಅದರ ಮೂಲ. ಸೂತ್ರ ಬಂದರೆ ಒಳ್ಳೆಯದು. ಬಾರದಿದ್ದರೂ ಮೇಲಿನ ಹಾಗೆ 30 ಆಟ ಎಣಿಸಿದರೆ ಸಾಕು.

ಇನ್ನೊಬ್ಬ ನಿರೂಪಕ ಇದ್ದಾನೆ, ಕಿಲಾಡಿ. ನೀವು ಮೊದಲಿಗೇ ಕಾರು ಆರಿಸಿದ್ದರೆ ಮಾತ್ರ ಮೇಕೆ ತೋರಿಸಿ "ಬದಲಾಯಿಸ್ತೀರಾ?" ಅನ್ನುತ್ತಾನೆ. ತಪ್ಪು ಆರಿಸಿದ್ದರೆ ಸೀದಾ ನಿಮ್ಮ ಬಾಗಿಲು ತೆರೆದು ಮೇಕೆ ಕೊಟ್ಟು ಕಳಿಸುತ್ತಾನೆ. ಅವನ ಮುಂದೆ ಬದಲಾಯಿಸಿದವನು ಪ್ರತಿ ಸಲ ಸೋಲುತ್ತಾನೆ. 1991ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ವರದಿಗಾರನನ್ನು ಮಾಂಟಿ ಹಾಲ್ ತಮ್ಮ ಮನೆಯಲ್ಲಿ ಕೂರಿಸಿಕೊಂಡು ಸುಮಾರು ಹೀಗೇ ಆಡಿಸಿ ತೋರಿಸಿದರು. ನಿರೂಪಕ ಪ್ರತಿ ಸಲ ಬಾಗಿಲು ತೆರೆಯಲೇಬೇಕು ಅಂತಿದ್ದರೆ ಬದಲಾಯಿಸಿ, ಅದು ಅವನ ಇಷ್ಟಕ್ಕೆ ಬಿಟ್ಟಿದ್ದರೆ ಹುಷಾರು ಅನ್ನುವುದು ಅವರ ಮಾತಿನ ಸಾರ. ಸೆಲ್ವಿನ್‌ಗೆ 1975ರಲ್ಲೇ ಅವರು ಕಾಗದ ಬರೆದಿದ್ದರು. ತಮ್ಮ ಕಾರ್ಯಕ್ರಮದಲ್ಲಿ ಒಂದು ಡಬ್ಬಿ ಖಾಲಿ ಅಂತ ತೋರಿಸಿದ ಮೇಲೆ ಆಟಗಾರ ತನ್ನ ಡಬ್ಬಿ ಬದಲಾಯಿಸುವ ಹಾಗೆ ಇರಲಿಲ್ಲ ಅಂತ ಅದರಲ್ಲಿದೆ. ಅವರ ಹೆಸರು ಹೊತ್ತ ಆಟವನ್ನು ಅವರೇ ಆ ಥರ ಆಡಿಸಿರಲಿಲ್ಲ ಅಂತಾಯಿತು.

ವಾಸ್ ಸವಾಂಟ್ ಅಂಕಣಕ್ಕೆ ಬಂದ ಪ್ರಶ್ನೆಯಲ್ಲಿ "ನಿರೂಪಕನಿಗೆ ಗೊತ್ತು" ಅನ್ನುವುದಿತ್ತು, ಆದರೆ "ಪ್ರತಿ ಸಲ ತೆರೆಯಲೇಬೇಕು" ಅನ್ನುವುದು ಬಿಡಿಸಿ ಬರೆದಿರಲಿಲ್ಲ. ಪತ್ರ ಬರೆದು ಬೈದವರು ಆ ಸಂದಿಯನ್ನು ಹಿಡಿದು ಬೈದಿದ್ದರೆ ನಾನೂ ಅವರ ಕಡೆ ನಿಲ್ಲುತ್ತಿದ್ದೆ. ಬಹುಪಾಲು ಜನ ಹಾಗೆ ಮಾಡಲಿಲ್ಲ. ಎಲ್ಲ ನಿಯಮಗಳನ್ನೂ ಒಪ್ಪಿಕೊಂಡೇ ಅರ್ಧಕ್ಕರ್ಧ ಅಂದರು.

ಮೂವರೂ ಒಪ್ಪಿದ ಖುಷಿಯಲ್ಲಿ ನಾನು ಇನ್ನೊಂದು ಹಳೆಯ ಒಗಟು ತೆಗೆದೆ. ಜೋಸೆಫ್ ಬರ್ಟ್ರಾಂಡ್ ಎಂಬ ಫ್ರೆಂಚ್ ಗಣಿತಜ್ಞ 1889ರಲ್ಲಿ ಚಿನ್ನ, ಬೆಳ್ಳಿ ನಾಣ್ಯಗಳ ಪೆಟ್ಟಿಗೆಗಳಲ್ಲಿ ಹೇಳಿದ್ದನ್ನು ನಾನು ಕಾಗದದ ಚೀಟಿಗಳಲ್ಲಿ ಮಾಡಿದೆ. ಮೂರು ಚೀಟಿ. ಒಂದರ ಎರಡೂ ಬದಿ ಕೆಂಪು. ಒಂದರ ಎರಡೂ ಬದಿ ಬಿಳಿ. ಇನ್ನೊಂದರ ಒಂದು ಬದಿ ಕೆಂಪು, ಒಂದು ಬದಿ ಬಿಳಿ. ಒಂದು ಚೀಟಿ ಎತ್ತಿ ಮೇಜಿನ ಮೇಲೆ ಇಟ್ಟೆ. ಮೇಲೆ ಕೆಂಪು ಕಾಣುತ್ತಿದೆ. ಕೆಳಗಿನ ಬದಿಯೂ ಕೆಂಪು ಆಗಿರುವ ಸಾಧ್ಯತೆ ಎಷ್ಟು?

ಬ್ಯಾಂಕಿನವಳು, ಮೇಷ್ಟ್ರು ಇಬ್ಬರೂ ಒಟ್ಟಿಗೆ, "ಬಿಳಿ-ಬಿಳಿ ಚೀಟಿ ಅಲ್ಲ ಅಂತ ಗೊತ್ತಾಯ್ತು. ಉಳಿದಿದ್ದು ಎರಡು ಚೀಟಿ. ಅರ್ಧ" ಅಂದರು. ಹತ್ತು ನಿಮಿಷದ ಹಿಂದೆ ನಡೆದದ್ದು ಯಾರಿಗೂ ನೆನಪಿಲ್ಲ. ನಗಬೇಡಿ, ಮೊದಲ ಸಲ ಇದನ್ನು ಕೇಳಿದಾಗ ನಾನೂ ಅರ್ಧ ಅಂದಿದ್ದೆ.

ಇಂಜಿನಿಯರ್ ಚೀಟಿಯನ್ನೇ ನೋಡುತ್ತಾ ಕೂತಿದ್ದ. "ನೀನು ನೋಡಿ ಕೆಂಪು ಬದಿ ಮೇಲೆ ಇಟ್ಯಾ, ಇಲ್ಲ ನೋಡದೆ ಇಟ್ಯಾ?" ಅಂತ ಕೇಳಿದ.

"ನೋಡಿಲ್ಲ. ಕಣ್ಮುಚ್ಚಿ ಎತ್ತಿ ಇಟ್ಟೆ."

"ಹಾಗಾದ್ರೆ ಕೆಂಪು ಮುಖ ಒಟ್ಟು ಮೂರು. ಅದರಲ್ಲಿ ಎರಡರ ಹಿಂದೆ ಕೆಂಪೇ ಇದೆ. ಮೂರರಲ್ಲಿ ಎರಡು. ನೀನು ಕೆಂಪು ಇದ್ರೆ ಕೆಂಪನ್ನೇ ಮೇಲೆ ಇಡ್ತೀನಿ ಅಂತ ನೋಡಿ ಇಟ್ಟಿದ್ದಿದ್ರೆ ಅರ್ಧ. ನೋಡಿಲ್ಲ ಅಂತಿದೀಯಲ್ಲ, ಕೆಳಗೂ ಕೆಂಪು ಅಂತ ಹೇಳ್ತೀನಿ. ತಿರುಗಿಸು."

ತಿರುಗಿಸಿದೆ. ಬಿಳಿ.

ಮೇಷ್ಟ್ರು ಮೇಜು ಕುಟ್ಟಿ ನಕ್ಕ. ಇಂಜಿನಿಯರ್ ಮಾತ್ರ ಅಲ್ಲಾಡಲಿಲ್ಲ. "ಮೂರರಲ್ಲಿ ಒಂದು ಸಲ ಹಾಗೇ ಆಗತ್ತೆ. ಇನ್ನೊಂದ್ಸಲ ಹಾಕು" ಅಂದ.